ಬೀಗ ಹಾಕಿದ ಮನೆಯ ಗುಬ್ಬಿ

ಬೀಗ ಹಾಕಿದ ಮನೆ ಕಂಡರೆ ಒಳಗೆ ಯಾರೂ ಇಲ್ಲ ಅಂತ ತಾನೇ ಅಂದುಕೊಳ್ಳುತ್ತೀರಿ? ನಮ್ಮ ಪಕ್ಕದ ಮನೆಯ ಬೇಕರಿ ಕೆಲಸದವಳು ಬೀಗ ಹಾಕಿ ಹೋದರೆ ಒಳಗೆ ಅವಳ ಐದು ವರ್ಷದ ಮಗಳು ಗುಬ್ಬಿ ಇರುತ್ತಿದ್ದಳು. ಗೋಡೆಯಾಚೆ ನನ್ನ ಹೊಲಿಗೆ ಅಂಗಡಿ. ನನ್ನ ಬಾಯಿ ಸುಮ್ಮನಿರುವುದಲ್ಲ.

"ಮಗೂನ ಹೀಗೆ ಕೂಡಿಹಾಕ್ಬೇಡ ಕಣೇ" ಅಂದರೆ, "ಹೊಟ್ಟೆಗೆ ಇಟ್ಟಿರ್ತೀನಿ, ಟೀವಿ ಹಾಕಿರ್ತೀನಿ. ಒಂದೇಟು ಹೊಡೆದೋಳಲ್ಲ ನಾನು. ಇನ್ನೇನಕ್ಕಾ?" ಅನ್ನುತ್ತಿದ್ದಳು.

ಒಂದು ದಿನ ಆ ಬಾಗಿಲ ಕೆಳಗಿಂದ ನೀರು ಹರಿದು ಬಂತು. ರವಿಕೆಗೆ ಅಳತೆ ಕೊಡಲು ಬಂದಿದ್ದ ಆಸ್ಪತ್ರೆಯ ನರ್ಸಮ್ಮನೂ ನಾನೂ ಓಡಿದೆವು. "ಗುಬ್ಬೀ! ಗುಬ್ಬೀ!" ಬಡಿದು ಬಡಿದು ಕೈ ಕೆಂಪಾಯಿತು. ಒಳಗೆ ಮಗುವಿನ ಸದ್ದೇ ಇಲ್ಲ. ಬೇಕರಿಗೆ ಫೋನ್ ಮಾಡಿದೆ. ತಾಯಿ ಮೈದಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹಿಟ್ಟಿಗೆ ಕೀ ಜಾರಿ ಬೀಗ ತೆಗೆಯಲಾಗಲಿಲ್ಲ. ಕೀ ಕಿತ್ತುಕೊಂಡು ನಾನೇ ತೆಗೆದೆ.

ನಲ್ಲಿ ಮುರಿದು ನೀರು ಸುರಿಯುತ್ತಿತ್ತು. ಗುಬ್ಬಿ ತೊಪ್ಪನೆ ತೊಯ್ದು ಮಂಚದ ಮೇಲೆ ಕೂತಿದ್ದಳು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು. ಸದ್ಯ, ಏನೂ ಆಗಿರಲಿಲ್ಲ!

"ಅಷ್ಟು ಕೂಗಿದ್ರೂ ಯಾಕೆ ಪುಟ್ಟಾ ಮಾತಾಡ್ಲಿಲ್ಲ?" ನರ್ಸಮ್ಮ ಕೇಳಿದರು.

"ಯಾರು ಕರೆದ್ರೂ ಸದ್ದು ಮಾಡ್ಬಾರ್ದು ಅಂತ ಅಮ್ಮ ಹೇಳಿದ್ದಾಳೆ."

ತಾಯಿ ಮಗಳನ್ನು ಅಪ್ಪಿಕೊಂಡು ಆ ನೀರಿನಲ್ಲೇ ಕೂತಳು. "ನಾನು ಕೆಟ್ಟ ತಾಯೇನಮ್ಮಾ?"

"ಪ್ರೀತಿ ಇಲ್ಲ ಅಂತ ಯಾರಂದ್ರು?" ನರ್ಸಮ್ಮ ಅವಳ ಪಕ್ಕ ಕೂತರು. "ಹೊಡೆಯೋದು, ಹೆದರಿಸೋದು, ಹೀಯಾಳಿಸೋದು, ಮುಟ್ಟಬಾರದ ಕಡೆ ಮುಟ್ಟೋದು, ಇವೆಲ್ಲ ದೌರ್ಜನ್ಯ. ಆದ್ರೆ ಒಂದೇಟೂ ಹೊಡೀದೆ, ಊಟ, ಔಷಧಿ, ಶಾಲೆ, ನೋಡಿಕೊಳ್ಳೋರು ಇಲ್ಲದ ಹಾಗೆ ಮಗೂನ ಬಿಟ್ರೂ ತಪ್ಪೇ. ಅದು ನಿರ್ಲಕ್ಷ್ಯ. ಇವತ್ತು ನೀರು. ಬೆಂಕಿ ಬಿದ್ದಿದ್ರೆ?"

"ಕೆಲಸ ಬಿಟ್ರೆ ಒಲೆ ಉರಿಯಲ್ಲಮ್ಮಾ."

ನನಗೆ ರೇಗಿತು. "ಬಿಡು ಅಂದೋರ್ಯಾರು? ಗೋಡೆಯಾಚೆ ನಾನೇನು ಸತ್ತುಹೋಗಿದ್ದೀನಾ? ನನ್ನ ಹತ್ರ ಬಿಡು!"

ನರ್ಸಮ್ಮ ಮರುದಿನವೇ ಗುಬ್ಬಿಯನ್ನು ಶಿಶುವಿಹಾರಕ್ಕೆ ಸೇರಿಸಿದರು. ಉಳಿದ ಹೊತ್ತು ನನ್ನ ಅಂಗಡಿಯಲ್ಲಿ. ಮೊದಮೊದಲು ಪಿಸುಗುಟ್ಟುತ್ತಿದ್ದಳು. ಈಗ ನನ್ನ ತಲೆ ತಿನ್ನುತ್ತಾಳೆ, ಗಿರಾಕಿಗಳನ್ನು ಗದರುತ್ತಾಳೆ. ಬೀದಿಯ ತುದಿಗೇ ಕೇಳುವ ಆ ಗಲಾಟೆಗೆ ತಾಯಿ ನಗುತ್ತಾ ಬರುತ್ತಾಳೆ.

ನಿಮ್ಮ ಬೀದಿಯಲ್ಲಿ ಇಂಥ ಮನೆಯಿದ್ದರೆ ಆಡಿಕೊಳ್ಳಬೇಡಿ. ಹೋಗಿ, ಏನು ಸಹಾಯ ಬೇಕು ಕೇಳಿ. ಯಾರಾದರೂ ಮಗುವಿಗೆ ಹಿಂಸೆ ಕೊಡುತ್ತಿದ್ದರೆ ನರ್ಸಿಗೋ ಟೀಚರಿಗೋ ಪೊಲೀಸರಿಗೋ ತಿಳಿಸಿ. ಹೆದರಿಕೆಯಾದರೆ ಜೋರಾಗಿ ಕೂಗು ಅಂತ ಮಕ್ಕಳಿಗೆ ಹೇಳಿಕೊಡಿ. ಅವರು ಕೂಗಿದಾಗ ದಯವಿಟ್ಟು ಓಡಿ ಹೋಗಿ.