ತಾಮ್ರದ ಕೊಕ್ಕೆಯ ಕೋಲು

ಧರ್ಮಪ್ಪನ ತಿಥಿ ಮುಗಿದ ಮರುದಿನ ಬೆಳಿಗ್ಗೆ ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ ಹಾಲಿನವನು ಎಂದಿನಂತೆ ಕೂಗಿ ಹೋದ. ಕುಮುದ ಕಾಫಿಗೆ ನೀರಿಟ್ಟಳು. ಅತ್ತೆ ಹೂವಮ್ಮ ಮನೆಯೆಲ್ಲ ಒರೆಸುತ್ತಾ, ಒದ್ದೆ ಬಟ್ಟೆ ಹಿಡಿದು ಮಗನ ರೇಡಿಯೋ ಮೇಜಿನ ಬಳಿ ಬಂದರು. ಜ್ವರ ಹಿಡಿದು ಮಲಗುವ ಮುನ್ನ ಧರ್ಮಪ್ಪ ಅರ್ಧ ಕಟ್ಟಿದ್ದ ದೊಡ್ಡ ಆಂಪ್ಲಿಫೈಯರು ಮುಚ್ಚಳವಿಲ್ಲದೆ ಅಲ್ಲೇ ಇತ್ತು.

"ಮುಟ್ಬೇಡಿ ಅತ್ತೆ!"

"ಪ್ಲಗ್ಗು ಕಿತ್ತೈತಲ್ಲೇ ಮಾರಾಯ್ತಿ. ಫಿಸಿಕ್ಸ್ ಓದಿದೋಳು ಡಬ್ಬಕ್ಕೆ ಹೆದರ್ತೀಯಾ?"

"ಪ್ಲಗ್ಗು ಕಿತ್ತರೂ ಕಂಡೆನ್ಸರಿನಲ್ಲಿ ಕರೆಂಟು ದಿನಗಟ್ಟಲೆ ಉಳಿದಿರುತ್ತೆ."

ಗೋಡೆಗೊರಗಿದ್ದ ಕೋಲನ್ನು ಕುಮುದ ತೆಗೆದುಕೊಂಡಳು. ತುದಿಯ ತಾಮ್ರದ ಕೊಕ್ಕೆಯಿಂದ ಹೊರಟ ತಂತಿಯನ್ನು ಮೊದಲು ನೆಲಕ್ಕಿಳಿಯುವ ಅರ್ತಿಂಗಿಗೆ ಬಿಗಿದಳು. ಎಡಗೈಯನ್ನು ಬೆನ್ನ ಹಿಂದಿಟ್ಟು ಕೊಕ್ಕೆಯನ್ನು ಕಂಡೆನ್ಸರಿಗೆ ತಾಗಿಸಿದಳು. ಚಟ್ಟೆಂದು ನೀಲಿ ಕಿಡಿ ಹಾರಿತು.

ಹೂವಮ್ಮನ ಕೈಯಿಂದ ಬಟ್ಟೆ ಬಿತ್ತು. "ಅಯ್ಯೋ, ನನ್ನನ್ನೂ ಕರ್ಕೊಂಡು ಹೋಗ್ತಿದ್ನಲ್ಲೇ ನಿನ್ನ ಗಂಡ!"

"ಇಲ್ಲ ಅತ್ತೆ. ಈ ಕೋಲು ತಂದಿಟ್ಟ ಮೇಲೇ ಅವರು ಕೆಲಸ ಶುರು ಮಾಡಿದ್ದು."

ಇನ್ನೊಮ್ಮೆ ತಾಗಿಸಿದಳು. ಕಿಡಿಯಿಲ್ಲ. ಮತ್ತೆ ಕರೆಂಟು ಕೂಡದಂತೆ ಕಂಡೆನ್ಸರಿನ ಎರಡು ತುದಿಗೂ ಸೇರಿಸಿ ತಂತಿ ಕಟ್ಟಿದಳು. "ಈಗ ಒರೆಸಿ. ಒಣ ಬಟ್ಟೇಲಿ."

ಮಧ್ಯಾಹ್ನ ಬಿದಿರಿಗೆ ತಾಮ್ರದ ತಂತಿ ಸುತ್ತಿ ತನಗೊಂದು ಕೋಲು ಮಾಡಿಕೊಂಡಳು. ಸಂಜೆ, ಧರ್ಮಪ್ಪ ಎರವಲು ತಂದಿದ್ದ ಕೋಲನ್ನು ಹಿಡಿದು ಅವನ ಗೆಳೆಯ ಜಯಪ್ಪನ ಮನೆಗೆ ಹೋದಳು.

"ಅವಸರ ಏನಿತ್ತಮ್ಮಾ? ಇರ್ಲಿ ಬಿಡು."

"ನನ್ನ ಹತ್ರ ಒಂದಿದೆ. ಆಂಪ್ಲಿಫೈಯರು ನಾನೇ ಮುಗಿಸ್ತೀನಿ."

ಹುಣಸೆಹಣ್ಣಿನಲ್ಲಿ ಉಜ್ಜಿ ಬೆಳಗಿದ ಕೊಕ್ಕೆಯನ್ನು ತನ್ನ ಕಡೆಗಿಟ್ಟುಕೊಂಡು, ಹಿಡಿಯನ್ನು ಜಯಪ್ಪನತ್ತ ಚಾಚಿದಳು.