ಹಸಿ ಬಣ್ಣ, ಮುಟ್ಟಬೇಡಿ

ಬಣ್ಣ ಬಳಿಯುವವನ ಕಣ್ಣಿಗೆ ಜಗತ್ತೆಲ್ಲ ಅಡ್ಡಕಸುಬಿಗಳೇ. ಬಡಗಿ ಅಡ್ಡಕಸುಬಿ, ಗಾರೆಯವನು ಅಡ್ಡಕಸುಬಿ. ಬಣ್ಣ ಒಣಗಿತೇ ಎಂದು ಬೆರಳಿಟ್ಟು ನೋಡುವ ಮನೆ ಯಜಮಾನರಂತೂ ಆ ಹೆಸರಿಗೂ ಲಾಯಕ್ಕಿಲ್ಲ. ಅವರಿಗೆಂದೇ ಅವನು ಒಂದು ಬೋರ್ಡು ಮಾಡಿಟ್ಟುಕೊಂಡಿದ್ದ: ‘ಹಸಿ ಬಣ್ಣ, ಮುಟ್ಟಬೇಡಿ.’

ಮಗಳ ಮುಖದ ತುಂಬ ಮೊಡವೆ ಎದ್ದಾಗ ಮೊದಲು ಬಂದ ಅಡ್ಡಕಸುಬಿ ಅವನ ಸ್ವಂತ ಅಕ್ಕ.

“ಟೂತ್‌ಪೇಸ್ಟ್ ಹಚ್ಚೇ,” ಎಂದು ಅವಳು ಹುಡುಗಿಯ ಗದ್ದ ಹಿಡಿದು ಅತ್ತಿತ್ತ ತಿರುಗಿಸಿದಳು. “ಎರಡೇ ದಿನ, ಮಾಯ!”

“ಯಾಕೆ, ಕೆನ್ನೆ ಮೇಲೆ ಹಲ್ಲು ಬಂದಿದ್ಯಾ?” ಎಂದ ಅವನು. “ಅವಳ ಮಾತು ಬಿಡು ಮಗಳೇ. ಉಜ್ಜದೆ ಬಳಿದ್ರೆ ಯಾವುದೂ ನಿಲ್ಲಲ್ಲ. ಮೊದಲು ಚೆನ್ನಾಗಿ ಉಜ್ಜು, ಆಮೇಲೆ ಪೌಡರು ಬಳಿ. ಗೋಡೆಗೇ ಸುಳ್ಳಾಗದ್ದು ಮುಖಕ್ಕೆ ಸುಳ್ಳಾಗತ್ತಾ?”

ಕಾಲೇಜಿನ ಚರ್ಚಾಸ್ಪರ್ಧೆಯ ಕೊನೆಯ ಸುತ್ತಿಗೆ ಹದಿನೈದು ದಿನವಿತ್ತು. ಎರಡು ಸುತ್ತು ಗೆದ್ದಿದ್ದ ಹುಡುಗಿ ಅಪ್ಪನನ್ನು ನಂಬಿ ಒರಟು ಟವೆಲಿನಲ್ಲಿ ದಿನಕ್ಕೆ ಮೂರು ಸಲ ಉಜ್ಜಿದಳು. ಐದನೇ ದಿನಕ್ಕೆ ಮುಖ ಗಾರೆ ಕಿತ್ತ ಇಟ್ಟಿಗೆಯಂತಾಯಿತು.

“ನಾನು ಸ್ಪರ್ಧೆಗೆ ಹೋಗಲ್ಲ,” ಎಂದು ದುಪ್ಪಟಿ ಹೊದ್ದು ಗೋಡೆಗೆ ಮುಖ ಮಾಡಿದಳು.

ಮರುದಿನ ಚರ್ಮದ ಡಾಕ್ಟರ ಕೋಣೆಯಲ್ಲಿ ಅವನು ಮಗಳ ಮುಖ ನೋಡಲಾರದೆ ಚಾವಣಿ ನೋಡುತ್ತ ಕೂತ. ಅಲ್ಲೊಂದು ಮೂಲೆಯಲ್ಲಿ ಬಣ್ಣ ಹಪ್ಪಳಿಕೆ ಎದ್ದಿತ್ತು. ಬಾಯಿ ಸುಮ್ಮನಿರಬೇಕಲ್ಲ!

“ಒಳಗೆ ತೇವ ಇದೆ ಮೇಡಂ. ಅದನ್ನ ನಿಲ್ಲಿಸದೆ ಮೇಲೆ ಕೆರೆದು ಬಳಿದಿದ್ದಾನೆ, ಯಾವನೋ ಅಡ್ಡಕಸುಬಿ.”

“ಸರಿಯಾಗಿ ಹೇಳಿದ್ರಿ,” ಎಂದರು ಡಾಕ್ಟರು, ಹುಡುಗಿಯ ಕೆನ್ನೆಗೆ ಬೆಳಕು ಹಿಡಿದು. “ಇಲ್ಲಿ ಕೆರೆದ ಅಡ್ಡಕಸುಬಿ ಯಾರು?”

ಮಗಳು ಅಪ್ಪನತ್ತ ನೋಡಿದಳು. ಅವನು ಮತ್ತೆ ಚಾವಣಿ ನೋಡಿದ.

“ಇದು ಕೊಳೆಯಲ್ಲ,” ಎಂದರು ಡಾಕ್ಟರು. “ಈ ವಯಸ್ಸಲ್ಲಿ ಚರ್ಮದೊಳಗೆ ಎಣ್ಣೆ ಜಾಸ್ತಿ ಆಗತ್ತೆ, ರಂಧ್ರ ಕಟ್ಕೊಳ್ಳತ್ತೆ, ಊದ್ಕೊಳ್ಳತ್ತೆ. ಉಜ್ಜಿದ್ರೆ ಗಾಯ, ಚಿವುಟಿದ್ರೆ ಕಲೆ. ದಿನಕ್ಕೆರಡು ಸಲ ಮೆದು ಸೋಪು, ಬರೀ ಕೈಯಲ್ಲಿ. ಈ ಉರಿ ಆರಿದ ಮೇಲೆ ರಾತ್ರಿ ಈ ಜೆಲ್ಲು, ತೆಳ್ಳಗೆ, ಮೊಡವೆ ಏಳೋ ಜಾಗಕ್ಕೆಲ್ಲ.”

“ಎಷ್ಟು ದಿನಕ್ಕೆ ಹೋಗತ್ತೆ?” ಎಂದ ಅಪ್ಪ.

“ಎಂಟು ವಾರ. ಹನ್ನೆರಡೂ ಆಗಬಹುದು.”

ಸ್ಪರ್ಧೆಗೆ ಉಳಿದದ್ದು ಒಂಬತ್ತು ದಿನ. ‘ಯಾವಾಗ ಒಣಗತ್ತೆ’ ಎಂದು ಕೇಳಿದವರನ್ನೆಲ್ಲ ಜೀವಮಾನವಿಡೀ ಹಂಗಿಸಿದವನು ಈಗ ದಿನಾ ಬೆಳಿಗ್ಗೆ ಮಗಳ ಮುಂದೆ ನಿಂತು, “ಸ್ವಲ್ಪ ಕಮ್ಮಿ ಆಯ್ತಾ?” ಎಂದು ಬೆರಳು ಚಾಚತೊಡಗಿದ. ಮೂರು ದಿನ ಸಹಿಸಿದ ಮಗಳು ನಾಲ್ಕನೇ ದಿನ ಅವನ ಚೀಲದಿಂದ ಬೋರ್ಡು ತೆಗೆದು ಕನ್ನಡಿಗೆ ನೇತುಹಾಕಿದಳು.

ಸ್ಪರ್ಧೆಯ ಬೆಳಿಗ್ಗೆ ಅಕ್ಕ ನಿಂಬೆಹಣ್ಣು ಹಿಡಿದು ಬಂದಳು. “ಅಯ್ಯೋ, ಇನ್ನೂ ಹಾಗೇ ಇದೆಯಲ್ಲೇ! ಈ ಮುಖ ಹೊತ್ಕೊಂಡು ಸ್ಟೇಜ್ ಹತ್ತುತೀಯಾ?”

“ಬೇರೆ ಮುಖ ಹೊಲಿಯಕ್ಕೆ ಕೊಟ್ಟಿಲ್ಲ ಅತ್ತೆ. ಹನ್ನೆರಡು ವಾರ ಬಾಯಿ ಮುಚ್ಕೊಂಡಿರಕ್ಕಂತೂ ನನ್ನಿಂದಾಗಲ್ಲ.”

ಅತ್ತೆಯ ಬೆರಳು ಆಗಲೇ ಕೆನ್ನೆಯ ಹತ್ತಿರ ಬಂದಿತ್ತು. ಹುಡುಗಿ ಕನ್ನಡಿಯ ಮೇಲಿನ ಬೋರ್ಡು ಕಿತ್ತು ಆ ಕೈಗೇ ತುರುಕಿದಳು.

“ಓದ್ಕೊಳ್ಳಿ. ಅಪ್ಪನಿಗೂ ಓದಿ ಹೇಳಿ.”

ಮುಖಕ್ಕೆ ಪೌಡರಿಲ್ಲ, ದುಪ್ಪಟಿಯ ಮರೆಯಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.