ಗ್ರಾಂಗೆ ತೊಂಬತ್ತು

ನನ್ನ ಚಿಕ್ಕಮ್ಮನ ನಾಲಿಗೆಯ ಬಗ್ಗೆ ಮೊದಲೇ ಹೇಳಿಬಿಡಬೇಕು. ಮಾತಿನಲ್ಲಿ ಅದು ಹರಿತವೇನಲ್ಲ. ಆ ಕೆಲಸ ನಮ್ಮ ಮನೆಯಲ್ಲಿ ನನ್ನದು. ಅವಳ ನಾಲಿಗೆ ಹರಿತವಾಗಿದ್ದದ್ದು ಕಡಲಪಾಚಿಯ ವಿಷಯದಲ್ಲಿ. ಬಂಡೆಗಳಿಂದ ಕೊಯ್ದು, ಬಿಸಿಲಿಗೆ ಹರವಿ, ಒಣಗಿಸಿ ಕಟ್ಟಿಟ್ಟ ಪಾಚಿಯ ಕಂತೆಗಳ ಮುಂದೆ ಅವಳು ದಿನಾ ಬೆಳಿಗ್ಗೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಒಂದೊಂದು ಕಂತೆಯಿಂದಲೂ ಉಗುರಿನಷ್ಟು ಅಗಲದ ಚೂರು ಮುರಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು ನುಂಗಿ, ಇದು ಸೂಪಿಗೆ, ಇದು ಹುರಿಯುವುದಕ್ಕೆ, ಇದು ದನದ ಮೇವಿಗೆ ಎಂದು ಮೂರು ರಾಶಿ ಮಾಡುವುದು ಅವಳ ಕೆಲಸ. ಅಗಿದು ಉಗುಳಬಾರದೇ ಎಂದರೆ, ನುಂಗದೆ ರುಚಿ ಮುಗಿಯುವುದಿಲ್ಲ ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಹಾಗೆ ನುಂಗಿದ್ದಾಳೆ. ಒಣಗಿಸುವ ಶೆಡ್ಡಿನಲ್ಲಿ ಎಲ್ಲರಿಗೂ ಅವಳು ನಾಲಿಗೆಯಮ್ಮ.

ನಾನು ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅವಳು ಅರೆನಿಮಿಷದಲ್ಲಿ ಬಾಯಲ್ಲಿ ಮುಗಿಸುವುದನ್ನು ನಾನು ತಕ್ಕಡಿ, ಮೂಸೆ, ಕುಲುಮೆ ಇಟ್ಟುಕೊಂಡು ಮೂರು ದಿನ ಎಳೆಯುತ್ತೇನೆ. ಒಣಗಿದ ಕಂದು ಪಾಚಿಯ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕೂತಿರುತ್ತದಲ್ಲ, ಅದು ಬೂಷ್ಟಲ್ಲ, ಹೆಚ್ಚಿನಂಶ ಮ್ಯಾನಿಟಾಲ್ ಎಂಬ ಸಕ್ಕರೆಯ ಬಳಗದ್ದು ಎಂದು ಕಾಲೇಜಿನಿಂದ ಕಲಿತು ಬಂದು ಅವಳ ಮುಂದೆ ಭಾಷಣ ಬಿಗಿದಿದ್ದೆ. ಸಿಹಿ ಅಂತ ಗೊತ್ತಿತ್ತು, ಅದಕ್ಕೊಂದು ಹೆಸರಿರುವುದು ಗೊತ್ತಿರಲಿಲ್ಲ ಎಂದಳು. ನುಂಗಿದ ಮೇಲೂ ಗಂಟಲಲ್ಲಿ ನಿಲ್ಲುವ ರುಚಿ ಗ್ಲುಟಮೇಟಿನದು, ನೆನೆಸಿದರೆ ಲೋಳೆ ಬಿಡುವುದು ಆಲ್ಜಿನೇಟು ಎಂದೆ. ಅದನ್ನೂ ಕೇಳಿಸಿಕೊಂಡಳು. ಮರುದಿನ ಶೆಡ್ಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದೇ ಹೆಸರುಗಳನ್ನು ತಪ್ಪುತಪ್ಪಾಗಿ ಹೇಳುತ್ತಾ ತಿರುಗಿದಳಂತೆ, ನಮ್ಮ ಹುಡುಗಿ ಹೇಳಿದ್ದು ಎಂದು. ನಾಲ್ಕು ವರ್ಷದವಳಿದ್ದಾಗ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದವಳು ಅವಳು. ನನ್ನ ಮೇಲೆ ಅವಳಿಗಿದ್ದ ಜಂಬಕ್ಕೆ ಮಿತಿಯೇ ಇರಲಿಲ್ಲ.

ಕಳೆದ ವರ್ಷ ಅವಳ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯಲ್ಲಿ, ಒಂದು ಗಂಟು ಕಾಣಿಸಿತು. ಭಯಪಡುವಂಥದ್ದಲ್ಲ, ಆದರೆ ಅಯೋಡಿನ್ ಜಾಸ್ತಿಯಾದರೆ ಇದು ಕೆರಳಬಹುದು, ಕಡಲಪಾಚಿ ಬಿಡಿ ಎಂದರು ಡಾಕ್ಟರು. ಶೆಡ್ಡಿನವರು ಅವಳನ್ನು ಪ್ಯಾಕಿಂಗಿಗೆ ಹಾಕಿದರು. ದಿನವಿಡೀ ಡಬ್ಬಿಗೆ ಚೀಟಿ ಅಂಟಿಸುವುದು. ಎರಡು ತಿಂಗಳಲ್ಲಿ ನನ್ನ ಚಿಕ್ಕಮ್ಮ ಮಾತಾಡುವುದನ್ನೇ ಬಿಟ್ಟಳು. ಅವಳ ಸ್ಟೂಲಿನ ಮೇಲೆ ಇನ್ಯಾರೋ ಕೂತು, ಸೂಪಿನ ಪಾಚಿಯನ್ನು ಮೇವಿನ ರಾಶಿಗೆ ಎಸೆಯುವುದನ್ನು ಅವಳು ಚೀಟಿ ಅಂಟಿಸುತ್ತಾ ನೋಡಬೇಕಿತ್ತು. ನನಗೆ ತಡೆಯಲಾಗಲಿಲ್ಲ.

ಅಷ್ಟಕ್ಕೂ ಅವಳು ದಿನಕ್ಕೆ ತಿನ್ನುವುದು ಎರಡು ಗ್ರಾಂ. ಅದರಲ್ಲಿ ಎಷ್ಟಿದೆ ಅಯೋಡಿನ್, ನೋಡೇಬಿಡೋಣ ಎಂದು ಶೆಡ್ಡಿನಿಂದ ಒಂದು ಹಿಡಿ ಪಾಚಿ ಒಯ್ದು ಊಟದ ಬಿಡುವಿನಲ್ಲಿ ಅಳೆದೆ. ಗ್ರಾಂಗೆ ತೊಂಬತ್ತು ಮೈಕ್ರೋಗ್ರಾಂ ಬಂತು. ಎರಡು ಗ್ರಾಂಗೆ ನೂರಾ ಎಂಬತ್ತು. ಆರೋಗ್ಯವಂತರಿಗೆ ಒಂದು ದಿನಕ್ಕೆ ಬೇಕಾಗುವುದಕ್ಕಿಂತ ಸ್ವಲ್ಪವೇ ಹೆಚ್ಚು. ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಮರುದಿನವೇ ಚಿಕ್ಕಮ್ಮ ತನ್ನ ಸ್ಟೂಲಿಗೆ ವಾಪಸಾದಳು. ಆ ಸಂಜೆ ಅವಳು ಎಷ್ಟು ಮಾತಾಡಿದಳೆಂದರೆ, ನಾನೇ ಸಾಕು ಮಾರಾಯ್ತಿ ಎನ್ನಬೇಕಾಯಿತು.

ಆರು ತಿಂಗಳ ಮೇಲೆ ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಸುಮ್ಮನೆ ಕೂತಿದ್ದರೂ ಎದೆ ಓಡುತ್ತದೆ ಎಂದಳು. ಡಾಕ್ಟರು ರಕ್ತಪರೀಕ್ಷೆಯ ವರದಿ ನೋಡಿ, ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ, ಕಡಲಪಾಚಿ ತಿನ್ನುತ್ತಿದ್ದೀರಾ ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಅದನ್ನು ನಾನೇ ಅಳೆದಿದ್ದೇನೆ, ತೊಂಬತ್ತು ಇದೆ, ಬೇರೆ ಕಾರಣ ಹುಡುಕಿ ಎಂದು ಕಾಲು ಗಂಟೆ ವಾದಿಸಿದೆ. ಆಕೆ ಶಾಂತವಾಗಿ ಮಾತ್ರೆ ಬರೆದು, ನಿಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಡಾಕ್ಟರ ಬಾಯಿ ಮುಚ್ಚಿಸಲೆಂದೇ ಮತ್ತೆ ಅಳೆಯಲು ಹೊರಟೆ. ಈ ಸಲ ಯಾರೂ ಬೆರಳು ತೋರಿಸಬಾರದೆಂದು ನಮ್ಮ ಮುಖ್ಯಸ್ಥರ ಕಪಾಟಿನಿಂದ ಒಂದು ಡಬ್ಬಿ ಇಸಿದುಕೊಂಡೆ. ಅದೂ ಕಡಲಪಾಚಿಯ ಪುಡಿಯೇ. ಎಷ್ಟು ಅಯೋಡಿನ್ ಇದೆಯೆಂದು ಹತ್ತು ಪ್ರಯೋಗಾಲಯಗಳಲ್ಲಿ ಅಳೆದು ಮೇಲೆ ಬರೆದಿರುತ್ತಾರೆ. ನಮ್ಮ ಅಳತೆ ಅದಕ್ಕೆ ತಾಳೆಯಾದರೆ ನಾವು ಸರಿ. ಚಿಕ್ಕಮ್ಮನ ಪಾಚಿಯಲ್ಲಿ ತೊಂಬತ್ತೆರಡು ಬಂತು. ನೋಡಿದಿರಾ ಎಂದು ಖಾಲಿ ಕೋಣೆಗೆ ಹೇಳಿದೆ. ಆಮೇಲೆ ಡಬ್ಬಿಯ ಪುಡಿಯದು ಬಂತು, ನೂರಾ ನಾಲ್ಕು. ಡಬ್ಬಿಯ ಮೇಲೆ ಮೂರು ಸಾವಿರದ ನೂರು ಎಂದಿತ್ತು.

ಡಬ್ಬಿಯೇ ತಪ್ಪು ಎಂದುಕೊಂಡು ಮುಖ್ಯಸ್ಥರ ಬಳಿ ಹೋದೆ. ಚಹಾಕ್ಕೆ ಸಕ್ಕರೆಯನ್ನೂ ತೂಗಿ ಹಾಕಿಕೊಳ್ಳುವ ಆ ಮನುಷ್ಯನಿಗೆ ನಾವಿಟ್ಟ ಹೆಸರು ದಶಮಾಂಶ. ಅವರು ಡಬ್ಬಿಯತ್ತ ನೋಡಲೂ ಇಲ್ಲ. ನನ್ನ ನೋಟ್‌ಬುಕ್ಕಿನ ಹಾಳೆ ಎರಡು ಸಲ ಓದಿ ಕೇಳಿದರು:

"ಸುಡೋಕೆ ಮೊದಲು ಕ್ಷಾರ ಹಾಕಿದ್ರಾ?"

ಹಾಕಿರಲಿಲ್ಲ. ಪಾಚಿಯನ್ನು ಕುಲುಮೆಯಲ್ಲಿ ಸುಟ್ಟು ಬೂದಿ ಮಾಡಿದಾಗ ಸುಣ್ಣ, ಕಬ್ಬಿಣ, ಪೊಟ್ಯಾಸಿಯಂ ಎಲ್ಲ ಮೂಸೆಯಲ್ಲೇ ಉಳಿಯುತ್ತವೆ. ಅಯೋಡಿನ್ನಿಗೆ ಅಷ್ಟು ತಾಳ್ಮೆಯಿಲ್ಲ. ಕಾವು ಏರಿದಂತೆ ಅದು ಎದ್ದು ಗಾಳಿಗೆ ಹೋಗುತ್ತದೆ. ಹಿಡಿದಿಡಬೇಕಾದರೆ ಸುಡುವ ಮೊದಲೇ ಕ್ಷಾರ ಬೆರೆಸಬೇಕು. ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ತಿ ಅಂಕ ತೆಗೆದವಳು ನಾನು. ಆದರೆ ನಾವು ದಿನಾ ಮಾಡುವುದು ಖನಿಜಗಳ ಪರೀಕ್ಷೆ, ಅದಕ್ಕೆ ಕ್ಷಾರ ಬೇಡ. ಊಟದ ಬಿಡುವಿನ ಅವಸರದಲ್ಲಿ ಕೈ ತನ್ನ ರೂಢಿಯಂತೆ ನಡೆದಿತ್ತು. ಈ ಸಲವೂ ಅಷ್ಟೇ. ಎರಡು ಸಲವೂ ನಾನು ಅಳೆದದ್ದು ಹಾರಿಹೋಗದೆ ಮಿಕ್ಕಿದ ಅಯೋಡಿನ್ನನ್ನು.

ಕ್ಷಾರ ಹಾಕಿ ಮಾಡಿದಾಗ ಡಬ್ಬಿಯ ಪುಡಿ ಸರಿಯಾಗಿ ತಾಳೆಯಾಯಿತು. ಚಿಕ್ಕಮ್ಮನ ಪಾಚಿ ಎರಡು ಸಾವಿರದ ಏಳುನೂರು, ನಾನು ಬರೆದುಕೊಟ್ಟದ್ದರ ಮೂವತ್ತು ಪಟ್ಟು. ದಿನಾ ಬೆಳಿಗ್ಗೆ ಅವಳು ಒಂದು ತಿಂಗಳಿಗೂ ಮಿಕ್ಕುವ ಅಯೋಡಿನ್ ನುಂಗುತ್ತಿದ್ದಳು. ಕೈ ತಪ್ಪಿದ್ದನ್ನು ಹೇಗೋ ಒಪ್ಪಿಕೊಳ್ಳಬಹುದು. ಅಯೋಡಿನ್ನಿಗೇ ಹೆಸರಾದ ಕಂದು ಪಾಚಿಯಲ್ಲಿ ಬರೀ ತೊಂಬತ್ತು ಬಂದಿದೆ ಎಂದು ಬೇರೆ ಯಾರಾದರೂ ತಂದು ತೋರಿಸಿದ್ದರೆ, ಇದು ಹೇಗೆ ಸಾಧ್ಯ ಎಂದು ಅವರ ಮುಖದ ಮೇಲೇ ಕೇಳುತ್ತಿದ್ದೆ. ನನಗೆ ಬೇಕಾದ ಸಂಖ್ಯೆ ಬಂದಿದ್ದರಿಂದ ನಾನು ಏನನ್ನೂ ಕೇಳಲಿಲ್ಲ.

ನೇರ ಶೆಡ್ಡಿಗೆ ಹೋದೆ. ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಚೂರೊಂದನ್ನು ಅಗಿಯುತ್ತಿದ್ದಳು. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ, ಕ್ಷಾರ, ಕುಲುಮೆ, ಮೂವತ್ತು ಪಟ್ಟು. ಅವಳ ದವಡೆ ನಿಂತಿತು. ಇದೇ ಲೆಕ್ಕವನ್ನು ಇನ್ನು ಯಾರಿಗಾದರೂ ಬರೆದುಕೊಟ್ಟಿದ್ದೀಯಾ ಎಂದು ಕೇಳಿದಳು. ಇಲ್ಲ ಎಂದೆ. ಸದ್ಯ ಎಂದಳು. ಬಾಯಲ್ಲಿದ್ದದ್ದನ್ನು ಕೆನ್ನೆಗೆ ಸರಿಸಿಕೊಂಡು ಮೆಲ್ಲಗೆ ಹೇಳಿದಳು:

"ನಂಗೆ ಅನುಮಾನ ಬಂದಿತ್ತು. ನಡುವೆ ಮೂರು ವಾರ ಶೆಡ್ ಮುಚ್ಚಿತ್ತಲ್ಲ, ಆವಾಗ ನಡುಕ ಕಡಿಮೆ ಆಯ್ತು. ಮತ್ತೆ ಬಂದು ಕೂತೆ, ಮತ್ತೆ ಶುರುವಾಯ್ತು."

"ಗೊತ್ತಿದ್ದೂ ತಿಂದ್ಯಾ?"

"ಡಾಕ್ಟರ ಹತ್ರ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಮಾತಾಡೋಕೆ ಶುರು ಮಾಡ್ದೆ. ನಾನು ಬಾಯಿ ಬಿಟ್ಟಿದ್ರೆ ಅಲ್ಲಿ ನಿನ್ನ ಮರ್ಯಾದೆ ಏನಾಗ್ತಿತ್ತು?"

ನನಗೆ ಅವಳ ಮೇಲೆ ಬಂದಂಥ ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ. ನನ್ನ ಮರ್ಯಾದೆ ಉಳಿಸಲೆಂದು ಈ ಹೆಂಗಸು ತನ್ನ ಎದೆಯನ್ನೇ ಒತ್ತೆ ಇಟ್ಟಿದ್ದಳು. ಬೈಯಲು ಬಾಯಿ ತೆರೆದರೆ ಅಳು ಬಂತು. ಅಳುತ್ತಲೇ ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿ ಉಗುಳು ಎಂದೆ. ಅವಳು ಮಗುವಿನಂತೆ ಉಗುಳಿದಳು.

ಆಮೇಲೆ ಅವಳು ಮುಂದಿದ್ದ ಕಂತೆಗಳನ್ನು ನೋಡಿದಳು. ಇನ್ನೂ ಹನ್ನೊಂದು ಉಳಿದಿದ್ದವು. ಇವನ್ನೆಲ್ಲ ಇನ್ನು ಯಾರು ಯಾವ ರಾಶಿಗೆ ಎಸೆಯುತ್ತಾರೋ ಎಂದಳು. ಆ ದನಿ ಕೇಳಲಾಗಲಿಲ್ಲ. ನಾನು ನೆಲದ ಮೇಲೆ ಕೂತು ಒಂದು ಕಂತೆಯಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡೆ.

"ಉಪ್ಪು," ಎಂದೆ.

"ಉಪ್ಪು ಅಂತ ನಾಯಿಗೂ ಗೊತ್ತು. ಕಣ್ಮುಚ್ಕೊಂಡು ನಿಧಾನಕ್ಕೆ ಅಗಿ. ಆಮೇಲೆ ಏನು?"

ಅಗಿದೆ. ಅಂಚಿನಲ್ಲಿ ಸಣ್ಣ ಸಿಹಿ ಇದೆ ಎಂದೆ, ಹೋಯಿತು ಎಂದೆ, ಈಗ ಗಂಟಲ ಹತ್ತಿರ ಏನೋ ನಿಂತಿದೆ ಎಂದೆ. ಕಣ್ಣು ತೆರೆದು ನೋಡಿದೆ. ಚಿಕ್ಕಮ್ಮ ಕಣ್ಣು ಮುಚ್ಚಿ ಕೂತಿದ್ದಳು, ಅವಳ ಖಾಲಿ ಬಾಯಿ ನನ್ನ ಜೊತೆಗೇ ಅಗಿಯುತ್ತಿತ್ತು.